ತಾಮ್ರದ ಪದಕ: ಶ್ರೀರಂಗಪಟ್ಟಣದಿಂದ ಕಾರ್ಮೆಲ್ ಪರ್ವತದವರೆಗೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಕುರಿತಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ನಮ್ಮ ದೇವಾಲಯದ ಕಟ್ಟಡ, ಗಂಟೆ, ಗುರುಗಳ ಪರಂಪರೆ ಇವುಗಳ ವಿಷಯವನ್ನು ಇತರರು ಬರೆಯುತ್ತಿರುವುದರಿಂದ ನಾನು ಬೇರೇನು ಬರೆಯಲೆಂದು ಕೆಲವು ದಿನ ಯೋಚಿಸುತ್ತಿದ್ದೆ. ಆಗ ವಯಸ್ಸಾದ ಒಬ್ಬ ತಾಯಿ ಭಾನುವಾರದ ಪೂಜೆಯ ನಂತರ ಗುರುನಿವಾಸಕ್ಕೆ ಬಂದು, ಸೆರಗಿನ ಗಂಟಿನಿಂದ ಒಂದು ಪದಕವನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. "ನಮ್ಮ ತಾತ ಬಸರಾ ಕಡೆ ಯುದ್ಧಕ್ಕೆ ಹೋಗಿದ್ದರಂತೆ ಸ್ವಾಮಿ. ಪಕ್ಕದೂರಿನ ಇನ್ನೊಬ್ಬರ ಮನೆಯಲ್ಲಿ ಇದೇ ಬಿಲ್ಲೆ ಬೆಳ್ಳಿಯದಿದೆ. ನಮ್ಮದು ಮಾತ್ರ ತಾಮ್ರ. ನಮ್ಮ ತಾತನಿಗೇನಾದರೂ ಮೋಸವಾಯಿತೇ?" ಎಂಬುದು ಆಕೆಯ ಪ್ರಶ್ನೆ.

ಪದಕವನ್ನು ಕೈಗೆತ್ತಿಕೊಂಡು ನೋಡಿದೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ತಲೆ. ಇನ್ನೊಂದು ಮುಖದಲ್ಲಿ ಕುದುರೆಯೇರಿದ ಒಬ್ಬ ವೀರ, ಕುದುರೆಯ ಕಾಲ ಕೆಳಗೆ ಹದ್ದಿನ ಚಿಹ್ನೆಯುಳ್ಳ ಶತ್ರುವಿನ ಗುರಾಣಿ, 1914 ಮತ್ತು 1918 ಎಂಬ ವರ್ಷಗಳು. ಇದು ಪ್ರಥಮ ಮಹಾಯುದ್ಧದ ಬ್ರಿಟಿಷ್ ಯುದ್ಧ ಪದಕ. ಆ ತಾಯಿಗೆ ಆ ದಿನ ನಾನು ಕೊಟ್ಟ ಉತ್ತರ ಚಿಕ್ಕದು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪರರಾಜ್ಯದ ಸರಕಾರವೊಂದು ನಮ್ಮ ನೆಲದ ಯೋಧನ ಎದೆಗೆ ಪದಕವನ್ನು ತೊಡಿಸುವುದೆಂದರೇನು, ಯಾರಿಗೆ ಯಾವ ಲೋಹ, ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬ ವಿಚಾರವನ್ನು ನಮ್ಮ ಬಾಬುರಾಯನಕೊಪ್ಪಲಿನ ಸುತ್ತಮುತ್ತಲಿನ ಚರಿತ್ರೆಯಿಂದಲೇ ಹೇಳಬಹುದೆಂದು ತೋರಿತು.

ಏಕೆಂದರೆ ಈ ವಿಷಯದಲ್ಲಿ ನಾವು ದೂರ ಹೋಗಬೇಕಾಗಿಲ್ಲ. ನಮ್ಮೂರಿನಿಂದ ಕಾಲ್ನಡಿಗೆಯಲ್ಲಿ ಹೋಗಿ ಬರಬಹುದಾದ ಶ್ರೀರಂಗಪಟ್ಟಣದ ಕೋಟೆಯ ಹೆಸರಿನಲ್ಲಿಯೇ ಒಂದು ಪದಕವುಂಟು. 1799ರ ಮೇ 4ರಂದು ಮಧ್ಯಾಹ್ನ ಜನರಲ್ ಬೇರ್ಡನ ನೇತೃತ್ವದಲ್ಲಿ ಕೋಟೆಯ ಬಿರುಕಿನ ಮೇಲೆ ದಾಳಿ ನಡೆದು, ಟಿಪ್ಪು ಸುಲ್ತಾನನು ಮಡಿದ ಸಂಗತಿಯನ್ನು ಇಲ್ಲಿನ ಶಾಲೆಯ ಮಕ್ಕಳೂ ಬಲ್ಲರು. ಆ ವಿಜಯದ ನೆನಪಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಸರಕಾರವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಶಾಲೆಯಲ್ಲಿ ಪದಕಗಳನ್ನು ಅಚ್ಚು ಹಾಕಿಸಿತು. ಶಿಲ್ಪಿ ಕ್ಯೂಶ್ಲರ್ ರಚಿಸಿದ ಅದರ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ತುಳಿಯುತ್ತಿದೆ. ಸಿಂಹವೆಂದರೆ ಬ್ರಿಟನ್, ಹುಲಿಯೆಂದರೆ ಮೈಸೂರು. ಮೇಲಿನ ಧ್ವಜದಲ್ಲಿ 'ದೇವರ ಸಿಂಹವೇ ವಿಜಯಿ' ಎಂಬರ್ಥದ ಅರಬ್ಬೀ ವಾಕ್ಯ. ಇಲ್ಲೊಂದು ಚೋದ್ಯವಿದೆ. ಈ ವಾಕ್ಯ ಟಿಪ್ಪುವಿನದೇ. ಆತನ ಆಯುಧಗಳ ಮೇಲಿನ ಹುಲಿಮುಖದ ಚಿಹ್ನೆಯನ್ನು ಇದೇ ಅಕ್ಷರಗಳಿಂದ ಹೆಣೆಯಲಾಗುತ್ತಿತ್ತು. ಸೋತವನ ಘೋಷವಾಕ್ಯವನ್ನೇ ಕಸಿದು ಗೆದ್ದವನ ಧ್ವಜಕ್ಕೆ ಹಾಕಿದರು. ಪದಕದ ಇನ್ನೊಂದು ಮುಖದಲ್ಲಿ ನೆತ್ತಿಯ ಮೇಲಿನ ಸೂರ್ಯನ ಕೆಳಗೆ ಕೋಟೆಗೆ ಮುತ್ತಿಗೆ ಹಾಕುತ್ತಿರುವ ಸೈನಿಕರ ಚಿತ್ರವಿದೆ.

ಈ ಪದಕ ಒಂದೇ ಲೋಹದ್ದಲ್ಲ, ಐದು ಲೋಹಗಳದ್ದು. ಗವರ್ನರ್ ಜನರಲ್, ಪ್ರಧಾನ ಸೇನಾಧಿಪತಿ ಮೊದಲಾದ ಶ್ರೇಷ್ಠರಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ನೀರು ಹೊಯ್ದ ಬೆಳ್ಳಿ. ಅದರ ಕೆಳಗೆ ಬರಿಯ ಬೆಳ್ಳಿ. ಅದಕ್ಕೂ ಕೆಳಗೆ ಕಂಚು. ಸಾಮಾನ್ಯ ಸಿಪಾಯಿಗೆ ತವರ. ಕಂಚಿನವು ಸುಮಾರು 5,000, ತವರದವು ಸುಮಾರು 45,000 ಎಂದು ಲೆಕ್ಕವಿದೆ. ಕೋಟೆಯ ಗೋಡೆಯೇರಿ ಗುಂಡಿಗೆ ಎದೆಯೊಡ್ಡಿದವರು ಯಾವ ಲೋಹದವರೆಂದು ಓದುಗರೇ ಊಹಿಸಬಹುದು. 1799ರ ಯುದ್ಧಕ್ಕೆ ಈ ಪದಕಗಳು ಸೈನಿಕರ ಕೈಸೇರಿದ್ದು 1808ರ ವೇಳೆಗೆ. ಅಷ್ಟರಲ್ಲಿ ಎಷ್ಟು ಮಂದಿ ಬದುಕಿದ್ದರು?

ಕ್ರೈಸ್ತರಾದ ನಾವು ಈ ಪದಕವನ್ನು ನೋಡುವಾಗ ನಮ್ಮ ಮನಸ್ಸಿನಲ್ಲಿ ಎರಡು ಭಾವಗಳು ಏಳುವುದು ಸಹಜ. ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. 1784ರಲ್ಲಿ ಕರಾವಳಿಯಿಂದ ಸೆರೆಹಿಡಿದು ತಂದ ಕಥೋಲಿಕರಿಗೆ ಶ್ರೀರಂಗಪಟ್ಟಣವು ಹದಿನೈದು ವರ್ಷಗಳ ಕಾಲ ಸೆರೆಮನೆಯಾಗಿತ್ತು. ಅವರಲ್ಲಿ ಉಳಿದವರಿಗೆ 1799ರ ಮೇ 4 ಬಿಡುಗಡೆಯ ದಿನ. ಆದರೆ ಅದೇ ದಿನ ಈ ಪಟ್ಟಣದ ಬೀದಿಗಳಲ್ಲಿ ನಡೆದ ಕೊಲೆ, ಸುಲಿಗೆಗಳಲ್ಲಿ ನರಳಿದವರೂ ಈ ಮಣ್ಣಿನ ಮಕ್ಕಳೇ. ತುಳಿಯಲ್ಪಟ್ಟ ಹುಲಿ ನಮ್ಮ ಊರಿನದು, ತುಳಿದ ಸಿಂಹ ಹೊರಗಿನದು. ಈ ಎರಡು ನೆನಪುಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯಲು ನನಗಂತೂ ಸಾಧ್ಯವಾಗಿಲ್ಲ.

ಯುದ್ಧದ ನಂತರ ಈ ಸೀಮೆಗೆ ಬಂದು, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ ಗಂಜಾಮಿನಲ್ಲಿ ದೇವಾಲಯವನ್ನು ನೆಲೆಗೊಳಿಸಿದ ಫ್ರೆಂಚ್ ಗುರು ಆಬೆ ದುಬುವಾ ಅವರನ್ನು ನಮ್ಮ ಹಿರಿಯರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ಅವರು 1803-04ರಲ್ಲಿ ಸಿಡುಬಿನ ವಿರುದ್ಧ 25,432 ಮಂದಿಗೆ ದಾಕು ಹಾಕಿಸಿದ ಲೆಕ್ಕವಿದೆ. 1823ರಲ್ಲಿ ಅವರು ಸ್ವದೇಶಕ್ಕೆ ಮರಳುವಾಗ ಕಂಪನಿ ಸರಕಾರ ಅವರಿಗೆ ವಿಶ್ರಾಂತಿವೇತನವನ್ನು ಕೊಟ್ಟಿತು. ಪರರಾಜ್ಯದ ಸರಕಾರದಿಂದ ಸನ್ಮಾನ ಪಡೆದವರ ಪಟ್ಟಿಯಲ್ಲಿ ಕತ್ತಿ ಹಿಡಿಯದ ಈ ಸ್ವಾಮಿಯವರೂ ಇದ್ದಾರೆಂಬುದು ನನಗೆ ಸಂತೋಷದ ಸಂಗತಿ. ಅವರ ಚರಿತ್ರೆ ಬೇರೆಯೇ ಲೇಖನಕ್ಕೆ ತಕ್ಕದ್ದು. ಇಲ್ಲಿಗೆ ಇಷ್ಟು ಸಾಕು.

ಇನ್ನು ಕಾರ್ಮೆಲ್ ಪರ್ವತದ ವಿಷಯ. ಜುಲೈ 16ರಂದು ಉತ್ತರೀಯವನ್ನು ಧರಿಸಿ ಕಾರ್ಮೆಲ್ ಮಾತೆಯ ಹಬ್ಬವನ್ನು ಆಚರಿಸುವ ನಮ್ಮ ಜನರಲ್ಲಿ, ಆ ಪರ್ವತವನ್ನು ಮೈಸೂರಿನ ಕುದುರೆ ಸವಾರರು ಏರಿ ಗೆದ್ದರೆಂಬುದನ್ನು ಬಲ್ಲವರು ವಿರಳ. ಅದಕ್ಕೆ ಮೊದಲು ಇನ್ನೊಂದು ಮಾತು. 1799ರ ಜನವರಿಯಲ್ಲಿ ನೆಪೋಲಿಯನ್ ಬೋನಪಾರ್ಟೆ ಈಜಿಪ್ಟಿನಿಂದ ಟಿಪ್ಪು ಸುಲ್ತಾನನಿಗೆ, ತಾನು ಕೆಂಪು ಸಮುದ್ರದ ತೀರವನ್ನು ಮುಟ್ಟಿರುವೆನೆಂದು ಪತ್ರ ಬರೆದನು. ಪತ್ರ ಶ್ರೀರಂಗಪಟ್ಟಣವನ್ನು ತಲುಪಲಿಲ್ಲ, ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಆತನು ಬಳಿಕ ಆಕ್ರೆ ಪಟ್ಟಣವನ್ನು ಮುತ್ತಿದಾಗ ಗಾಯಗೊಂಡ ಫ್ರೆಂಚ್ ಸೈನಿಕರನ್ನು ಕಾರ್ಮೆಲ್ ಪರ್ವತದ ಮೇಲಿನ ಕಾರ್ಮೆಲೈಟ್ ಮಠದಲ್ಲಿ ಮಲಗಿಸಿದ್ದರು. ಮೇ 20ರಂದು, ಎಂದರೆ ಶ್ರೀರಂಗಪಟ್ಟಣ ಬಿದ್ದು ಹದಿನಾರು ದಿನಗಳಲ್ಲಿ, ನೆಪೋಲಿಯನ್ ಮುತ್ತಿಗೆಯನ್ನು ಬಿಟ್ಟು ಹಿಂತಿರುಗಿದನು. ಮಠದಲ್ಲಿ ಉಳಿದ ಗಾಯಾಳುಗಳು ಕೊಲೆಯಾದರು. ಅವರ ಅಸ್ಥಿಗಳ ಮೇಲೆ ಎಬ್ಬಿಸಿದ ಸಣ್ಣ ಗೋಪುರವೊಂದು ಮಠದ ಮುಂದೆ ಇದೆ. ನಮ್ಮ ಪಟ್ಟಣ ಮತ್ತು ಆ ಪರ್ವತ ಒಂದೇ ಯುದ್ಧದ ಎರಡು ತುದಿಗಳಾಗಿದ್ದುವು.

ಮುಂದಿನ ಭೇಟಿ 1918ರಲ್ಲಿ. ಮೈಸೂರು ಸಂಸ್ಥಾನದ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ದಳವು 1914ರ ಅಕ್ಟೋಬರಿನಲ್ಲಿಯೇ ಮುಂಬಯಿಯಿಂದ ಹಡಗೇರಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆಯ ಕಾವಲಿನಲ್ಲಿ ವರ್ಷಗಳು ಕಳೆದುವು. ರಾಗಿ ಮುದ್ದೆಯ ನಾಡಿನ ಹುಡುಗರು ಮರಳುಗಾಡಿನಲ್ಲಿ ಕುದುರೆಗೂ ತಮಗೂ ನೀರಿನ ಲೆಕ್ಕವಿಡುತ್ತ ನಾಲ್ಕು ಬೇಸಿಗೆಗಳನ್ನು ಕಂಡರು. ರೆಜಿಮೆಂಟಿನ ನಾಯಕತ್ವ ಬಿ. ಚಾಮರಾಜ ಅರಸು ಅವರದು. 1918ರ ಸೆಪ್ಟೆಂಬರ್ 19ರಂದು ಜನರಲ್ ಅಲೆನ್‌ಬಿಯ ಮಹಾ ದಾಳಿ ಪ್ರಾರಂಭವಾಯಿತು. ಸರಬರಾಜಿಗೆ ಹೈಫಾ ಬಂದರು ಬೇಕಾಗಿತ್ತು. 22ರಂದು ಯಂತ್ರ ವಾಹನಗಳಲ್ಲಿ ಮುಂದುವರಿದ ತುಕಡಿಯೊಂದು ತೋಪಿನ ಹೊಡೆತಕ್ಕೆ ಹಿಮ್ಮೆಟ್ಟಿತು. ಮರುದಿನ ಆ ಕೆಲಸ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳದ ಪಾಲಿಗೆ ಬಂತು. ಆ ದಿನ ಮುಂದೆ ನಡೆದವರು ಜೋಧಪುರದವರು ಮತ್ತು ಮೈಸೂರಿನವರು.

ಸ್ಥಳದ ಸ್ವರೂಪವನ್ನು ತಿಳಿದುಕೊಳ್ಳದೆ ಆ ಸಾಹಸದ ಅಳತೆ ಸಿಕ್ಕದು. ಎಡಕ್ಕೆ ಕಾರ್ಮೆಲಿನ ಕಡಿದಾದ ಇಳಿಜಾರು, ಅದರ ಮೇಲೆ ತೋಪುಗಳು. ಬಲಕ್ಕೆ ಕೀಷೋನ್ ಹಳ್ಳ. ಪವಿತ್ರ ಗ್ರಂಥದ ಓದುಗರಿಗೆ ಈ ಹಳ್ಳ ಪರಿಚಿತ. ದೆಬೋರಳ ಕಾಲದಲ್ಲಿ ಸೀಸೆರನ ರಥಗಳು ಸೋಲನ್ನು ಕಂಡದ್ದು ಇದರ ದಡದಲ್ಲಿ. ಎಲೀಯ ಪ್ರವಾದಿಯು ಬಾಳನ ಪೂಜಾರಿಗಳನ್ನು ಎಳೆದು ತರಿಸಿದ್ದೂ ಇದೇ ಹಳ್ಳಕ್ಕೆ. ಸೀಸೆರನ ರಥಗಳಿಗೆ ಆದ ಗತಿಯೇ 1918ರಲ್ಲಿ ಕುದುರೆಗಳಿಗೂ ಆಗುವುದರಲ್ಲಿತ್ತು. ಜೋಧಪುರದ ಮೊದಲ ಸವಾರರು ಹಳ್ಳವನ್ನು ದಾಟಲೆತ್ನಿಸಿದಾಗ ಕುದುರೆಗಳು ಹುದುಲಿನಲ್ಲಿ ಹೂತವು. ಅವರು ಎಡಕ್ಕೆ ತಿರುಗಿ, ಯಂತ್ರದ ಬಂದೂಕುಗಳ ಬಾಯಿಗೇ ನುಗ್ಗಿದರು. ಅವರ ನಾಯಕ ಮೇಜರ್ ದಲ್ಪತ್ ಸಿಂಗರು ಗಾಯಗೊಂಡು ಪ್ರಾಣ ನೀಗಿದರು. ಅದೇ ಹೊತ್ತಿಗೆ, ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ, ಮೊದಲೇ ಬೆಟ್ಟದ ಬೆನ್ನನ್ನು ಹತ್ತಿ ಹೋಗಿದ್ದ ಮೈಸೂರಿನ ಒಂದು ಸ್ಕ್ವಾಡ್ರನ್ ಮೇಲಿನ ತೋಪುಗಳ ಮೇಲೆ ಬಿದ್ದಿತು. ಕಡಿದಾದ ದಾರಿಯಲ್ಲಿ ಕುದುರೆಗಳು ಕುಂಟಿ, ಬಿದ್ದು, ಕೊನೆಗೆ ಕೆಲವೇ ಸವಾರರು ಉಳಿದಿದ್ದರು. ತೋಪುಗಳು ಸದ್ದಡಗಿದುವು. ಮೈಸೂರಿನ ಉಳಿದ ಸವಾರರು ಜೋಧಪುರದವರ ಹಿಂದೆಯೇ ಪಟ್ಟಣವನ್ನು ಹೊಕ್ಕರು. ಕೈಯಲ್ಲಿದ್ದದ್ದು ಈಟಿ ಮತ್ತು ಕತ್ತಿ.

ಸಂಜೆಯ ಹೊತ್ತಿಗೆ 1,350 ಮಂದಿ ಸೆರೆಯಾದರು. 17 ತೋಪುಗಳು, 11 ಯಂತ್ರದ ಬಂದೂಕುಗಳು ವಶವಾದುವು. ನಮ್ಮ ಕಡೆ ಮಡಿದವರು 8, ಗಾಯಗೊಂಡವರು 34. ಕುದುರೆಗಳಲ್ಲಿ 60 ಸತ್ತುವು, 83 ಗಾಯಗೊಂಡುವು. ಮನುಷ್ಯರ ಸಂಖ್ಯೆಗಿಂತ ಕುದುರೆಗಳದೇ ಹೆಚ್ಚು, ಅವುಗಳಿಗೆ ಪದಕವಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊ ಪಟ್ಟಣದ ಆಚೆಯ ಹರಿತಾನದಲ್ಲಿ ಇದೇ ಎರಡು ದಳಗಳು ಮತ್ತೊಮ್ಮೆ ನುಗ್ಗಿ ಹೆಚ್ಚಿನ ನಷ್ಟವನ್ನು ಅನುಭವಿಸಿದುವು. ನಾಲ್ಕೇ ದಿನಗಳಲ್ಲಿ ತುರ್ಕಿಯೊಡನೆ ಕದನವಿರಾಮವಾಯಿತು.

ಇವರಿಗೆ ಸಂದ ಗೌರವ ಬಂದದ್ದು ಬಹಳ ತಡವಾಗಿ, ಬಹಳ ಸುತ್ತಿ ಬಳಸಿ. ದೆಹಲಿಯಲ್ಲಿ ಮೈಸೂರು, ಹೈದರಾಬಾದು, ಜೋಧಪುರಗಳ ಸವಾರರನ್ನು ಪ್ರತಿನಿಧಿಸುವ ಮೂರು ಕಂಚಿನ ಮೂರ್ತಿಗಳು 1920ರ ದಶಕದಲ್ಲಿ ನಿಂತುವು. ಅದರಿಂದಲೇ ಆ ಸ್ಥಳಕ್ಕೆ ತೀನ್ ಮೂರ್ತಿ ಎಂಬ ಹೆಸರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. ವಾಹನಗಳ ಗದ್ದಲದಲ್ಲಿ ಅದರತ್ತ ತಲೆಯೆತ್ತಿ ನೋಡುವವರು ಕಡಮೆ. ಈ ರಾಜ್ಯಗಳ ಅಶ್ವದಳಗಳು 1953ರಲ್ಲಿ ಭಾರತ ಸೇನೆಯ 61ನೆಯ ಅಶ್ವದಳದಲ್ಲಿ ಲೀನವಾದುವು. ಇಸ್ರೇಲ್ ಎಂಬ ರಾಷ್ಟ್ರವಾದರೋ ಹುಟ್ಟಿದ್ದೇ 1948ರಲ್ಲಿ, ಯುದ್ಧ ಮುಗಿದು ಮೂವತ್ತು ವರ್ಷಗಳ ಮೇಲೆ. ಆ ರಾಷ್ಟ್ರದ ಹೈಫಾ ನಗರದವರು ಈ ಶತಮಾನದಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಭಾರತೀಯ ಯೋಧರ ಸ್ಮರಣೆಯನ್ನು ಆಚರಿಸತೊಡಗಿ, ಆ ಕಥೆಯನ್ನು ತಮ್ಮ ಶಾಲಾ ಪಾಠಗಳಲ್ಲಿ ಸೇರಿಸಲು ತೀರ್ಮಾನಿಸಿದರು. 2017ರ ಜುಲೈಯಲ್ಲಿ ನಮ್ಮ ಪ್ರಧಾನಮಂತ್ರಿಗಳು ಹೈಫಾದ ಭಾರತೀಯ ಸಮಾಧಿಸ್ಥಳಕ್ಕೆ ಭೇಟಿಯಿತ್ತರು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿಯ ಸಮಕ್ಷಮದಲ್ಲಿ ದೆಹಲಿಯ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕವೆಂದು ನಾಮಕರಣವಾಯಿತು. ರಾಜಕಾರಣಿಗಳ ಗೌರವದಲ್ಲಿ ಅವರವರ ಕಾಲದ ಪ್ರಯೋಜನ ಬೆರೆತಿರುವುದು ಹೊಸತೇನಲ್ಲ. ಆದರೂ ಕಾರ್ಮೆಲನ್ನು ಹತ್ತಿದವರ ಹೆಸರನ್ನು ಅಷ್ಟು ದೂರದ ಮಕ್ಕಳು ಕಲಿಯುವರೆಂದರೆ, ಇಲ್ಲಿನ ನಮ್ಮ ಮಕ್ಕಳು ಕಲಿಯದಿರುವುದು ಸ್ವಲ್ಪ ನಾಚಿಕೆಯ ವಿಷಯವೇ ಸರಿ.

ದ್ವಿತೀಯ ಮಹಾಯುದ್ಧದಲ್ಲಿ ಈ ಪದಕಗಳ ವಿಚಾರ ಇನ್ನಷ್ಟು ತೊಡಕಾಗುತ್ತದೆ. ಮೈಸೂರು ಸಂಸ್ಥಾನದ ಒಂದನೆಯ ಕಾಲಾಳು ಪಡೆ ಸಿಂಗಪುರದ ರಕ್ಷಣೆಗೆ ಹೋಗಿ, 1942ರ ಫೆಬ್ರವರಿ 15ರ ಶರಣಾಗತಿಯಲ್ಲಿ ಜಪಾನಿಯರ ಸೆರೆಯಾಳಾಯಿತು. ಅಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಅನೇಕರು ಆಜಾದ್ ಹಿಂದ್ ಸೇನೆಯನ್ನು ಸೇರಿದರು, ಅನೇಕರು ಸೇರದೆ ಶಿಬಿರಗಳಲ್ಲಿ ನರಳಿದರು. ಈ ಸೀಳು ಒಂದೊಂದು ಮನೆಯ ಒಳಗೂ ಹಾಯ್ದಿತ್ತು. ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಬರ್ಮಾದ ರಣರಂಗದಲ್ಲಿ ಮಿತ್ರಸೇನೆಯ ಪರವಾಗಿ ಹೋರಾಡಿ ಬ್ರಿಟಿಷ್ ಸರಕಾರದ ವಿಶಿಷ್ಟ ಸೇವಾ ಪದಕ ಡಿ. ಎಸ್. ಓ.ವನ್ನು ಪಡೆದರು. ಅವರ ಸ್ವಂತ ಅಣ್ಣ ಅದೇ ವೇಳೆಯಲ್ಲಿ ಆಜಾದ್ ಹಿಂದ್ ಸೇನೆಯಲ್ಲಿದ್ದರು. ಮಕ್ಕಳಿಬ್ಬರಿಗಾಗಿ ಆ ತಾಯಿ ಹೇಗೆ ಪ್ರಾರ್ಥಿಸಿದರೋ! ಮುಂದೆ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಅಧಿಪತಿಯಾಗಿದ್ದಾಗ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಮರುವರ್ಷ ಸೈಪ್ರಸ್ ಸರಕಾರ ಅವರ ಸ್ಮರಣಾರ್ಥ ಅಂಚೆ ಚೀಟಿಯನ್ನು ಹೊರಡಿಸಿತು. ಯುದ್ಧಕ್ಕಲ್ಲದೆ, ಯುದ್ಧವನ್ನು ತಡೆದದ್ದಕ್ಕಾಗಿ ಪರದೇಶವೊಂದು ನಮ್ಮ ಸೇನಾನಿಗೆ ಸಲ್ಲಿಸಿದ ಗೌರವವದು.

ಕೊಡಗಿನವರೇ ಆದ ಕೆ. ಎಂ. ಕಾರಿಯಪ್ಪನವರಿಗೆ ಬರ್ಮಾದ ಸೇವೆಗಾಗಿ 1945ರಲ್ಲಿ ಬ್ರಿಟಿಷರ ಓ. ಬಿ. ಇ. ಗೌರವ ದೊರೆಯಿತು, ಬಳಿಕ ಅಮೆರಿಕದ ಅಧ್ಯಕ್ಷ ಟ್ರೂಮನ್ನರು ಲೀಜನ್ ಆಫ್ ಮೆರಿಟ್ ಎಂಬ ಪದಕದ ಅತ್ಯುಚ್ಚ ದರ್ಜೆಯನ್ನು ಕೊಟ್ಟರು. ನಮ್ಮ ಸಂವಿಧಾನದ 18ನೆಯ ಅನುಚ್ಛೇದವು ಭಾರತದ ಪ್ರಜೆ ಪರರಾಜ್ಯದಿಂದ ಬಿರುದನ್ನು ಸ್ವೀಕರಿಸಬಾರದೆಂದು ಹೇಳುತ್ತದೆಯಲ್ಲವೇ ಎಂದು ಕೇಳುವವರುಂಟು. ಹೆಸರಿನ ಮುಂದೆ ಸೇರಿಕೊಳ್ಳುವ 'ಸರ್', 'ರಾವ್ ಬಹದ್ದೂರ್' ಮುಂತಾದವು ಬಿರುದುಗಳು. ಎದೆಯ ಮೇಲೆ ನಿಲ್ಲುವ ಪದಕ ಬೇರೆ. ಆದರೆ ರಾಜ್ಯದ ಹುದ್ದೆಯಲ್ಲಿರುವವನು ಪರರಾಜ್ಯದ ಕೊಡುಗೆಯನ್ನು ರಾಷ್ಟ್ರಪತಿಯ ಅನುಮತಿಯಿಲ್ಲದೆ ಪಡೆಯಕೂಡದು. ಯೋಧನ ನಿಷ್ಠೆ ಒಂದೇ ಕಡೆಗಿರಬೇಕೆಂಬ ಎಚ್ಚರಿಕೆ ಇದರ ಹಿಂದಿದೆ, ಅದು ತಪ್ಪಲ್ಲ.

ಇಂಥ ಎಚ್ಚರಿಕೆ ಅತಿಯಾದಾಗ ವೃದ್ಧರ ಮನಸ್ಸಿಗೆ ಎಷ್ಟು ನೋವಾಗುವುದೆಂಬುದಕ್ಕೆ ಬ್ರಿಟನ್ನಿನದೇ ಒಂದು ನಿದರ್ಶನ. ಹಿಮಸಮುದ್ರದ ಮೂಲಕ ರಷ್ಯಕ್ಕೆ ಸಾಮಗ್ರಿ ಸಾಗಿಸಿದ ಹಡಗುಗಳ ಮುದುಕ ನಾವಿಕರಿಗೆ ರಷ್ಯ ಸರಕಾರ ಉಷಾಕೊವ್ ಪದಕವನ್ನು ಕೊಡಬಯಸಿದಾಗ, 2012ರಲ್ಲಿ ಬ್ರಿಟಿಷ್ ಸರಕಾರ ನಿಯಮವನ್ನು ತೋರಿಸಿ ಅಡ್ಡಿಪಡಿಸಿತು. ಎಪ್ಪತ್ತು ವರ್ಷಗಳ ಹಿಂದಿನ ಸೇವೆಗೆ ಈಗ ಪದಕವೇಕೆಂಬ ತರ್ಕ. 2014ರಲ್ಲಿ ಅನುಮತಿ ದೊರೆಯುವ ಹೊತ್ತಿಗೆ ಕೆಲವರು ಇಲ್ಲವಾಗಿದ್ದರು. ಅದೇ ವರ್ಷ ಫ್ರಾನ್ಸ್ ದೇಶವು ತನ್ನ ಬಿಡುಗಡೆಗಾಗಿ ಹೋರಾಡಿ ಬದುಕುಳಿದಿದ್ದ ಬ್ರಿಟಿಷ್ ಯೋಧರೆಲ್ಲರಿಗೂ ಲೀಜನ್ ದೊನರ್ ಗೌರವವನ್ನು ಘೋಷಿಸಿತು. ತೊಂಬತ್ತು ದಾಟಿದ ಕೈಗಳು ಆ ಪದಕವನ್ನು ಹಿಡಿದವು.

ಈ ಎಲ್ಲದರ ನಡುವೆ ನನಗೆ ಹೆಚ್ಚು ಪ್ರಿಯವಾದ ಸಂಗತಿ 1944ರದು. ಆ ವರ್ಷ ಸೋವಿಯತ್ ಒಕ್ಕೂಟವು ಸುಬೇದಾರ್ ನಾರಾಯಣ ರಾವ್ ನಿಕ್ಕಂ ಮತ್ತು ಹವಲ್ದಾರ್ ಗಜೇಂದ್ರ ಸಿಂಗ್ ಎಂಬ ಇಬ್ಬರು ಭಾರತೀಯರಿಗೆ ಕೆಂಪು ನಕ್ಷತ್ರ ಪದಕವನ್ನು ಕೊಟ್ಟಿತು. ಇವರು ಯಾವ ಕೋಟೆಯನ್ನೂ ಹಿಡಿದವರಲ್ಲ. ಸೈನ್ಯದ ಸರಬರಾಜು ದಳದವರು. ಇರಾನಿನ ಬೆಟ್ಟದ ದಾರಿಗಳಲ್ಲಿ ರಷ್ಯದ ಸೇನೆಗೆ ಸಾಮಗ್ರಿಯನ್ನು ಸಾಗಿಸಿದವರು. ಹೊರೆ ಹೊತ್ತವನನ್ನು ಹೆಸರು ಹಿಡಿದು ಕರೆದು ನಕ್ಷತ್ರವನ್ನಿತ್ತದ್ದು ಅವರನ್ನು ಆಳುತ್ತಿದ್ದ ಸರಕಾರವಲ್ಲ, ಪರರಾಜ್ಯ.

ಇನ್ನು ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಪ್ರಥಮ ಮಹಾಯುದ್ಧಕ್ಕೆ ಭಾರತದಿಂದ ಹೋದವರು ಹದಿಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಹಿಂತಿರುಗದವರು ಎಪ್ಪತ್ತು ಸಾವಿರವನ್ನು ಮೀರಿದರು. ಆಯುಧ ಹಿಡಿದವನಿಗೆ ಬ್ರಿಟಿಷ್ ಯುದ್ಧ ಪದಕ ಬೆಳ್ಳಿಯಲ್ಲಿ ಬಂತು. ಆಯುಧವಿಲ್ಲದೆ ಹೋದ ಕೂಲಿ ದಳದವನಿಗೆ, ಹೊರೆಯಾಳಿಗೆ, ಸೇವಕನಿಗೆ ಅದೇ ಅಚ್ಚು, ಅದೇ ರಾಜನ ತಲೆ, ಆದರೆ ಕಂಚು. ಇಂಥವು ಭಾರತೀಯರಿಗಲ್ಲದೆ ಚೀನೀಯರಿಗೂ ಮಾಲ್ಟಾ ದ್ವೀಪದವರಿಗೂ ಸಂದುವು; ಒಟ್ಟು ಒಂದು ಲಕ್ಷದ ಮೇಲೆ. ಶ್ರೀರಂಗಪಟ್ಟಣದ ತವರದ ಪದಕಕ್ಕೂ ಇದಕ್ಕೂ ನೂರು ವರ್ಷಗಳ ಅಂತರವಿದ್ದರೂ ಲೆಕ್ಕ ಹಾಕಿದ ಕೈ ಒಂದೇ. ಆದುದರಿಂದ ಆಕೆಯ ತಾತನಿಗೆ ಯಾರೂ ಕದ್ದು ಮೋಸ ಮಾಡಲಿಲ್ಲ. ನಿಯಮವೇ ಹಾಗಿತ್ತು. ಅದು ಮೋಸಕ್ಕಿಂತ ಮೇಲೋ ಕೀಳೋ ಎಂಬುದನ್ನು ಆಕೆಗೆ ನಾನು ಹೇಳಲಿಲ್ಲ. ದ್ರಾಕ್ಷಾತೋಟದ ಕೂಲಿಗಳೆಲ್ಲರಿಗೂ ಒಂದೇ ನಾಣ್ಯವನ್ನು ಕೊಟ್ಟ ಯಜಮಾನನ ಸಾಮತಿಯನ್ನು ಆಕೆ ನನಗಿಂತ ಚೆನ್ನಾಗಿ ಬಲ್ಲರು.

ಆದರೆ ಇನ್ನೊಂದು ಮಾತನ್ನು ಹೇಳಿದೆ. ಆ ಪದಕಗಳ ಅಂಚಿನ ಸುತ್ತ ಪಡೆದವನ ಅಂಕೆ, ಹೆಸರು, ದಳ ಇವುಗಳನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಭೂತಗನ್ನಡಿಯನ್ನು ಹಿಡಿದು ನೋಡಿದೆವು. ಅಂಕೆಯ ಎರಡು ಗುರುತುಗಳು, ಹೆಸರಿನ ಮೊದಲ ಅಕ್ಷರ, ಆಮೇಲೆ ನುಣುಪು. ಪ್ರತಿ ವರ್ಷ ಹಬ್ಬದ ಮುಂದೆ ಮನೆಯ ತಾಮ್ರದ ಪಾತ್ರೆಗಳೊಡನೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆವೆಂದು ಆಕೆ ಹೇಳಿದರು. ತಾತನ ಪದಕ ಮಂಕಾಗಬಾರದೆಂಬ ಪ್ರೀತಿಯಿಂದಲೇ ತಾತನ ಹೆಸರು ಸವೆದುಹೋಗಿತ್ತು. ಆತನ ಜ್ಞಾನಸ್ನಾನದ ಹೆಸರೇನೋ ಮೊಮ್ಮಗಳಿಗೆ ನೆನಪಿದೆ. ದಳದ ಹೆಸರನ್ನು ಹೇಳುವವರು ಯಾರೂ ಉಳಿದಿಲ್ಲ.

ಶತಮಾನೋತ್ಸವದ ವಾರದಲ್ಲಿ ನಮ್ಮ ಸಭಾಂಗಣದಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿರುತ್ತದೆ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇಂಥ ಪದಕಗಳಿದ್ದರೆ, ಬೆಳ್ಳಿಯಾಗಲಿ, ಕಂಚಾಗಲಿ, ದಯಮಾಡಿ ಹಾಗೆಯೇ ತೆಗೆದುಕೊಂಡು ಬನ್ನಿ. ಒರೆಸಬೇಡಿ, ಉಜ್ಜಬೇಡಿ. ಅಂಚಿನ ಮೇಲೆ ಇರುವುದನ್ನು ಓದಿ, ನಮ್ಮ ಜ್ಞಾನಸ್ನಾನದ ದಾಖಲೆಯೊಡನೆ ಹೋಲಿಸಿ, ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಯುವಕರಿಬ್ಬರಿಗೆ ವಹಿಸಿದ್ದೇನೆ. ಆ ತಾಯಿಯ ಪದಕ ಈಗಾಗಲೇ ಗಾಜಿನ ಪೆಟ್ಟಿಗೆಯಲ್ಲಿದೆ.